ಪೋಸ್ಟ್ ತೆಗೆಸಿದರೆ ಕಾರಣ ಹೇಳಬೇಕು

ನನ್ನ ಆಫೀಸಿಗೆ ಬಂದವರು ಕೂರುವ ಮೊದಲೇ ಫೋನ್ ಮುಂದೆ ಹಿಡಿಯುತ್ತಾರೆ. ಅವರ ಸೋಷಿಯಲ್ ಮೀಡಿಯಾ ಖಾತೆ ಇದ್ದ ಜಾಗದಲ್ಲಿ 'ಭಾರತದಲ್ಲಿ ತಡೆಹಿಡಿಯಲಾಗಿದೆ' ಅನ್ನುವ ಒಂದು ಸಾಲು, ಅಷ್ಟೇ. 'ಸರ್, ನಾನು ಬರೆದದ್ದರಲ್ಲಿ ತಪ್ಪೇನಿತ್ತು?' ನನ್ನ ಹತ್ತಿರ ಉತ್ತರ ಇರುವುದಿಲ್ಲ, ಯಾಕೆಂದರೆ ಬ್ಲಾಕ್ ಮಾಡಿ ಅಂತ ಸರ್ಕಾರ ಹೊರಡಿಸಿದ ಆದೇಶ ಅವರಿಗೂ ಬಂದಿಲ್ಲ, ವಕೀಲನಾದ ನನಗೂ ಸಿಗುವುದಿಲ್ಲ.

ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಕ್ಕೆ ಕೇಂದ್ರ ಸರ್ಕಾರ ಪೋಸ್ಟ್ ಬ್ಲಾಕ್ ಮಾಡಿಸಬಹುದು. ಹೇಗೆ ಬ್ಲಾಕ್ ಮಾಡಬೇಕು ಅನ್ನುವ 2009ರ ನಿಯಮದಲ್ಲಿ ನೋಟಿಸ್ ಕೊಡಬೇಕಾದ್ದು ಬರೆದವರಿಗೆ 'ಅಥವಾ' ಪೋಸ್ಟ್ ಇರುವ ಸೋಷಿಯಲ್ ಮೀಡಿಯಾ ಕಂಪನಿಗೆ. ತೊಂದರೆ ಇರುವುದು ಈ 'ಅಥವಾ'ದಲ್ಲಿ. ನೋಟಿಸ್ ಕಂಪನಿಗೆ ಹೋಗುತ್ತದೆ, ಬರೆದವರಿಗೆ ಕಂಪನಿಯಿಂದ ಎರಡು ಸಾಲಿನ ಮೇಲ್ ಬಂದರೆ ಅದೇ ಜಾಸ್ತಿ. ಮೇಲಿಂದ 16ನೇ ನಿಯಮ ಬೇರೆ, ಎಲ್ಲವನ್ನೂ ಗುಟ್ಟಾಗಿಡಿ ಅನ್ನುತ್ತದೆ. 2015ರಲ್ಲಿ ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರಿಗೆ ಶಿಕ್ಷೆ ಹೇಳುತ್ತಿದ್ದ 66ಎ ಸೆಕ್ಷನ್ ರದ್ದು ಮಾಡಿತು, 69ಎ ಉಳಿಸಿತು. ಉಳಿಸುವಾಗ ಹೇಳಿದ್ದೇನು? ಕಾರಣ ಬರಹದಲ್ಲಿ ಇರಬೇಕು, ಅದನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಪ್ರಶ್ನಿಸಬಹುದು ಅಂತ. ಕಣ್ಣಿಗೇ ಬೀಳದ ಕಾಗದವನ್ನು ಪ್ರಶ್ನಿಸುವುದು ಹೇಗೆ?

ಎಲ್ಲವನ್ನೂ ಸುಮ್ನೆ ಬಿಡಿ ಅಂತ ನಾನು ಹೇಳುತ್ತಿಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಿಟಿ ರೈಲ್ವೆ ಸ್ಟೇಷನ್ ನೋಡಿದವರಿಗೆ ವದಂತಿ ಏನು ಮಾಡುತ್ತದೆ ಅಂತ ಗೊತ್ತು. ಹಲ್ಲೆ ಆಗುತ್ತದೆ ಅನ್ನುವ ಸುದ್ದಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬ್ಯಾಗ್ ಹೊತ್ತು ಗುವಾಹಟಿ ರೈಲು ಹತ್ತಿದರು. ಆಗ ಸರ್ಕಾರ ಒಮ್ಮೆಗೆ 5ಕ್ಕಿಂತ ಹೆಚ್ಚು ಜನರಿಗೆ ಎಸ್ಎಂಎಸ್ ಕಳಿಸುವಂತಿಲ್ಲ ಅಂದಿತು. ಆ ಮಿತಿ ಕೆಲವೇ ದಿನಗಳದ್ದು, ಎಲ್ಲರಿಗೂ ತಿಳಿಸಿಯೇ ಹಾಕಿದ್ದು.

2021ರ ರೈತ ಹೋರಾಟದ ಹೊತ್ತಿನಲ್ಲಿ ನೂರಾರು ಖಾತೆ ಬ್ಲಾಕ್ ಮಾಡುವಂತೆ ಟ್ವಿಟರ್‌ಗೆ ಆದೇಶ ಹೋಯಿತು. ಮರುವರ್ಷ ಕಂಪನಿ 39 ಲಿಂಕ್‌ಗಳ ಮೇಲಿನ ಆದೇಶ ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಬಂತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಕಂಪನಿಯೇನೋ ಮೇಲ್ಮನವಿ ಹಾಕಿತು, ಅದಕ್ಕೆ ದುಡ್ಡಿದೆ, ದೊಡ್ಡ ವಕೀಲರಿದ್ದಾರೆ. ಊರಲ್ಲಿ ಕೂತು ಒಂದು ವಿಡಿಯೋ ಹಾಕಿದವರಿಗೆ ಯಾರಿದ್ದಾರೆ?

ಮೊನ್ನೆ ಬಂದ ಹುಡುಗ ಆ ಎರಡು ಸಾಲಿನ ಮೇಲನ್ನೂ ಡಿಲೀಟ್ ಮಾಡಿಬಿಟ್ಟಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ನಾವು ಕೋರ್ಟಿಗೆ ಹೋಗುವಾಗ ಎಷ್ಟೋ ಸಲ ಕೈಯಲ್ಲಿ ಇರುವುದು ಅದೊಂದೇ.