ಎಂಜಿನಿಯರ್‌ಗಳ ಸಂಘ ಮತ್ತು ವಿದ್ಯಾರ್ಥಿ: ಎ.ಎಂ.ಐ.ಇ.ಯಿಂದ ಸ್ಟೂಡೆಂಟ್ ಚಾಪ್ಟರ್‌ವರೆಗೆ

ನಮ್ಮ ಸೋದರಮಾವ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಗೆ ಸೇರಿದಾಗ ಮನೆಯಲ್ಲಿ ಇನ್ನೂ ಇಬ್ಬರು ತಂಗಿಯರ ಮದುವೆ ಆಗಬೇಕಿತ್ತು. ಬಿ.ಇ. ಓದುವ ಮಾತೇ ಇರಲಿಲ್ಲ. ಆದರೂ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಊಟ ಮಾಡಿ, ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಡ್ರಾಯಿಂಗ್ ಬೋರ್ಡ್ ಇಟ್ಟುಕೊಂಡು ರಾತ್ರಿ ಎರಡರವರೆಗೆ ಗೆರೆ ಎಳೆಯುತ್ತಿದ್ದರು. ಪರೀಕ್ಷೆಯ ದಿನ ಅದೇ ಬೋರ್ಡನ್ನು ಸೈಕಲ್ ಕ್ಯಾರಿಯರ್‌ಗೆ ಹಗ್ಗದಲ್ಲಿ ಬಿಗಿದು ಹೊರಟಿದ್ದನ್ನು ಗೇಟಿನ ಹತ್ತಿರ ನಿಂತು ನೋಡಿದ್ದೇನೆ. ಪಾಸಾಗಲು ಎಂಟು ವರ್ಷ ಬೇಕಾಯಿತು. ಆಮೇಲೆ ಬಾಗಿಲ ಪಕ್ಕದ ಹಲಗೆಯಲ್ಲಿ ಹೆಸರಿನ ಜೊತೆ ಎ.ಎಂ.ಐ.ಇ. ಅಂತ ಬರೆಸಿದರು.

ಈಗಿನ ಹುಡುಗರಿಗೆ ಈ ನಾಲ್ಕು ಅಕ್ಷರದ ಅರ್ಥ ಗೊತ್ತಿರುವುದು ಕಡಿಮೆ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಅನ್ನುವ ಸಂಘದ ಅಸೋಸಿಯೇಟ್ ಮೆಂಬರ್ ಅಂತ ಅದರ ಅರ್ಥ. ಸೆಕ್ಷನ್ ಎ, ಸೆಕ್ಷನ್ ಬಿ ಅಂತ ಎರಡು ಹಂತದ ಪರೀಕ್ಷೆ. ಕ್ಲಾಸ್ ಇಲ್ಲ, ಹಾಜರಾತಿ ಇಲ್ಲ, ಡೊನೇಷನ್ ಇಲ್ಲ. ಪುಸ್ತಕ ತಂದು ನೀವೇ ಓದಿಕೊಳ್ಳಬೇಕು. ಎರಡೂ ಪಾಸಾದರೆ ಬಿ.ಇ.ಗೆ ಸಮ ಅಂತ ಸರ್ಕಾರವೇ ಒಪ್ಪಿತ್ತು. ಫೋರ್‌ಮನ್ ಆಗಿದ್ದವರು ಎಂಜಿನಿಯರ್ ಆಗಿದ್ದು, ಜೂನಿಯರ್ ಎಂಜಿನಿಯರ್‌ಗಳಿಗೆ ಬಡ್ತಿ ಸಿಕ್ಕಿದ್ದು ಎಷ್ಟೋ ಮನೆಗಳಲ್ಲಿ ಇದರಿಂದಲೇ.

ಒಂದು ಸಂಘ ಯಾಕೆ ಪರೀಕ್ಷೆ ನಡೆಸುತ್ತಿತ್ತು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1818ರ ಜನವರಿಯಲ್ಲಿ ಲಂಡನ್ನಿನ ಒಂದು ಕಾಫಿ ಹೌಸ್‌ನಲ್ಲಿ ಕೆಲವು ಯುವ ಎಂಜಿನಿಯರ್‌ಗಳು ಸೇರಿದರು. ಹಿರಿಯ ಎಂಜಿನಿಯರ್‌ಗಳು 1771ರಿಂದಲೇ ಒಂದು ಕೂಟ ಮಾಡಿಕೊಂಡಿದ್ದರು. ಆದರೆ ಕೆಲಸ ಕಲಿಯುವವರಿಗೆ ಅಲ್ಲಿ ಜಾಗ ಇರಲಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ಕಲಿಸಿಕೊಳ್ಳೋಣ ಅಂತ ಇವರೇ ಒಂದು ಸಂಘ ಕಟ್ಟಿದರು. ಮುಂದಾಳು ಹೆನ್ರಿ ಪಾಮರ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ವಿಜ್ಞಾನಿಗೂ ಕೈಕೆಲಸದವನಿಗೂ ನಡುವೆ ನಿಂತು ಇಬ್ಬರ ಭಾಷೆಯನ್ನೂ ಬಲ್ಲವನೇ ಎಂಜಿನಿಯರ್ ಅನ್ನುವ ಅರ್ಥದ ಮಾತು ಆತ ಅಲ್ಲಿ ಹೇಳಿದ್ದ. ಇನ್ನೂರು ವರ್ಷ ಕಳೆದರೂ ಇದಕ್ಕಿಂತ ಚೆನ್ನಾದ ವಿವರಣೆ ನನಗೆ ಸಿಕ್ಕಿಲ್ಲ. ಎರಡು ವರ್ಷದ ಮೇಲೆ, 1820ರಲ್ಲಿ, ರಸ್ತೆ, ಸೇತುವೆ ಕಟ್ಟಿ ಹೆಸರಾಗಿದ್ದ ಥಾಮಸ್ ಟೆಲ್‌ಫರ್ಡ್‌ನಂಥ ದೊಡ್ಡ ಹೆಸರು ಅಧ್ಯಕ್ಷನಾಗಿ ಬಂತು. ಸಂಘ ಹುಟ್ಟಿದ್ದು ಮಾತ್ರ ಕಲಿಯುವವರ ಹಸಿವಿನಿಂದ.

ನಮ್ಮ ದೇಶದ ಸಂಘ, ಅಂದರೆ ಎ.ಎಂ.ಐ.ಇ. ಕೊಡುವ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, 1920ರಲ್ಲಿ ನೋಂದಣಿಯಾಯಿತು. 1921ರಲ್ಲಿ ಕಲ್ಕತ್ತಾದಲ್ಲಿ ವೈಸ್‌ರಾಯ್ ಚೆಮ್ಸ್‌ಫರ್ಡ್ ಉದ್ಘಾಟನೆ ಮಾಡಿದರು, 1935ರಲ್ಲಿ ರಾಯಲ್ ಚಾರ್ಟರ್ ಸಿಕ್ಕಿತು. ಆ ಕಾಲಕ್ಕೆ ಇಡೀ ದೇಶದಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆರಳೆಣಿಕೆಯಷ್ಟು. ರೈಲ್ವೆ, ಪಿ.ಡಬ್ಲ್ಯು.ಡಿ., ವರ್ಕ್‌ಶಾಪುಗಳಲ್ಲಿ ಕೆಲಸ ಬಲ್ಲವರು ಸಾವಿರಾರು ಜನ ಇದ್ದರು, ಅವರ ಕೈಯಲ್ಲಿ ಕಾಗದ ಇರಲಿಲ್ಲ. ಅಂಥವರಿಗಾಗಿ 1928ರಲ್ಲಿ ಸಂಘ ಪರೀಕ್ಷೆ ಶುರು ಮಾಡಿತು.

ಕಾಲೇಜು ಇಲ್ಲದ ಕಷ್ಟ ನಮ್ಮ ವಿಶ್ವೇಶ್ವರಯ್ಯನವರಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇಲ್ಲದ್ದರಿಂದ ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಪುಣೆಗೆ ಹೋಗಬೇಕಾಯಿತು. ಮುಂದೆ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲೇ ಕಾಲೇಜು ತೆರೆಸಿದರು. ಅದೇ ಇವತ್ತಿನ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್ (ಯು.ವಿ.ಸಿ.ಇ.). 1968ರಿಂದ ಅವರ ಹುಟ್ಟುಹಬ್ಬ ಸೆಪ್ಟೆಂಬರ್ 15ನ್ನು ಸಂಘ ಎಂಜಿನಿಯರ್‌ಗಳ ದಿನ ಅಂತ ಆಚರಿಸುತ್ತಿದೆ.

ಆಮೇಲೆ ಕಾಲ ಬದಲಾಯಿತು. ಖಾಸಗಿ ಕಾಲೇಜುಗಳು ಜಾಸ್ತಿಯಾದವು. ಡಿಪ್ಲೊಮಾ ಮಾಡಿದವರಿಗೆ ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿ ಬಂತು. ಎ.ಎಂ.ಐ.ಇ. ಕಟ್ಟುವವರು ಕಡಿಮೆಯಾಗುತ್ತಾ ಹೋದರು. ಕೊನೆಗೆ ಕೇಂದ್ರ ಸರ್ಕಾರ, 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಬಿ.ಇ.ಗೆ ಸಮ ಅನ್ನುವ ಮಾನ್ಯತೆ ಅಂತ ಗೆರೆ ಎಳೆಯಿತು. ಲ್ಯಾಬ್ ಮುಟ್ಟದೆ ಎಂಜಿನಿಯರ್ ಆಗಬಹುದೇ ಅನ್ನುವ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ, ಒಪ್ಪುತ್ತೇನೆ. ಆದರೆ ದಿನಕ್ಕೆ ಎಂಟು ಗಂಟೆ ಲೇತ್ ಮುಂದೆ ನಿಂತಿರುವವನಿಗೆ ಆ ಪ್ರಶ್ನೆ ಕೇಳಿದ್ದು ಸರಿಯಲ್ಲ ಅನ್ನಿಸುತ್ತದೆ. ಕೆಲಸ ಬಿಟ್ಟು ಮೂರು ವರ್ಷ ಕಾಲೇಜಿಗೆ ಹೋಗುವುದು ಎಲ್ಲರ ಕೈಲಾಗುವ ಮಾತಲ್ಲ, ಅಲ್ವಾ?

ಇದೇ ಹೊತ್ತಿಗೆ ಇನ್ನೊಂದು ಕಡೆ ವಿದ್ಯಾರ್ಥಿಗಳ ಜೊತೆ ಸಂಘಗಳ ನಂಟು ಬೇರೆ ರೂಪ ಪಡೆಯಿತು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯಿತು. ಅಂದರೆ ಕೋರ್ಸುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್.ಬಿ.ಎ.ಯ ಟಯರ್-1 ಮಾನ್ಯತೆ ಇರುವ ಕೋರ್ಸಿನ ಪದವಿಗೆ ಹೊರದೇಶದಲ್ಲೂ ಬೆಲೆ ಬಂತು, ಕಾಲೇಜುಗಳು ಆ ಮಾನ್ಯತೆಗೆ ಓಡಾಡತೊಡಗಿದವು. ಅದಕ್ಕೆ ತುಂಬುವ ವರದಿಯಲ್ಲಿ ನಿಮ್ಮಲ್ಲಿ ಯಾವ ವೃತ್ತಿಪರ ಸಂಘದ ಚಾಪ್ಟರ್ (ಕಾಲೇಜಿನ ವಿದ್ಯಾರ್ಥಿ ಘಟಕ) ಇದೆ, ಏನು ಕಾರ್ಯಕ್ರಮ ಮಾಡಿದ್ದೀರಿ ಅನ್ನುವ ಕಾಲಂ ಇದೆ, ಅದಕ್ಕೆ ಅಂಕವೂ ಇದೆ. ಉದ್ದೇಶ ಒಳ್ಳೆಯದೇ. ಆದರೆ ಅಂಕ ಇರುವ ಕಡೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಬ್ಯಾನರ್ ಕಟ್ಟುತ್ತಾರೆ, ದೀಪ ಹಚ್ಚುತ್ತಾರೆ, ಅತಿಥಿಗೆ ಶಾಲು ಹೊದಿಸುತ್ತಾರೆ, ಫೋಟೊ ತೆಗೆದು ಫೈಲಿಗೆ ಸೇರಿಸುತ್ತಾರೆ. ಫೀ ಕಟ್ಟಿ ಸದಸ್ಯನಾದ ಹುಡುಗನಿಗೆ ಕೈಗೆ ಬರುವುದು ಒಂದು ಸರ್ಟಿಫಿಕೇಟ್. ಒಬ್ಬ ಎಂಜಿನಿಯರ್ ಜೊತೆ ಅರ್ಧ ಗಂಟೆ ಮಾತಾಡದೆಯೇ ನಾಲ್ಕು ವರ್ಷ ಮುಗಿಸಿದ ಮಕ್ಕಳನ್ನು ಕಂಡಿದ್ದೇನೆ, ಅದೂ ಮೂರು ಮೂರು ಚಾಪ್ಟರ್ ಇದ್ದ ಕಾಲೇಜಿನಲ್ಲಿ. ನೋವಾಗುತ್ತದೆ.

ಎಲ್ಲ ಕಡೆ ಹೀಗೇ ಅಂತಲ್ಲ. ವಾಹನ ಎಂಜಿನಿಯರ್‌ಗಳ ಸಂಘ ಎಸ್.ಎ.ಇ. ಇಂಡಿಯಾ 2007ರಿಂದ ಬಾಹಾ ಸ್ಪರ್ಧೆ ನಡೆಸುತ್ತಿದೆ. ಹುಡುಗರು ಪೈಪ್ ಬಗ್ಗಿಸಿ, ವೆಲ್ಡಿಂಗ್ ಮಾಡಿ, ಕಲ್ಲುಮಣ್ಣಿನ ದಾರಿಯಲ್ಲಿ ಓಡುವ ಗಾಡಿಯನ್ನು ತಾವೇ ಕಟ್ಟಬೇಕು. ಅಲ್ಲಿ ಫೋಟೊ ನಡೆಯಲ್ಲ, ಬ್ರೇಕ್ ಹಿಡಿಯಲೇಬೇಕು.

ನಮ್ಮ ರಾಜ್ಯದ್ದೇ ಇನ್ನೊಂದು ಇದೆ, ಅದರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣಸಹಾಯ ಕೊಡುತ್ತಾ ಬಂದಿದೆ. ಇದು ಸಂಘ ಅಲ್ಲ, ಸರ್ಕಾರದ ಮಂಡಳಿ. ಆದರೆ ಸಂಘಗಳು ಮಾಡಬೇಕಾದ್ದನ್ನು ಮಾಡುತ್ತಿದೆ. ಕಾಲೇಜುಗಳಿಂದ ಪ್ರಾಜೆಕ್ಟ್ ಪ್ರಸ್ತಾವ ಕರೆಯುತ್ತಾರೆ, ಆಯ್ಕೆಯಾದವಕ್ಕೆ ಕೆಲವು ಸಾವಿರ ರೂಪಾಯಿ ಕೊಡುತ್ತಾರೆ, ಆಮೇಲೆ ತಜ್ಞರು ಬಂದು ನೋಡುತ್ತಾರೆ. ಚೆನ್ನಾಗಿದ್ದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ.

ಇಂಥ ಪ್ರಾಜೆಕ್ಟ್ ನೋಡುವ ದಿನ ಒಮ್ಮೆ ಮಲೆನಾಡಿನ ಕಡೆಯ ಒಂದು ಕಾಲೇಜಿನಲ್ಲಿದ್ದೆ. ಮೂವರು ಹುಡುಗಿಯರು, ಒಬ್ಬ ಹುಡುಗ ಸೇರಿ ಅಡಿಕೆ ಸುಲಿಯುವ ಯಂತ್ರ ಮಾಡಿದ್ದರು. ಸಣ್ಣ ಅಡಿಕೆ ಸಿಪ್ಪೆ ಸಮೇತ ಕೆಳಗೆ ಬೀಳುತ್ತಿತ್ತು, ದಪ್ಪ ಅಡಿಕೆ ಒಡೆದುಹೋಗುತ್ತಿತ್ತು. ಹುಡುಗಿಯರ ಮುಖ ಬಾಡಿತ್ತು. ನೋಡಲು ಬಂದಿದ್ದವರು ನಿವೃತ್ತ ಎಂಜಿನಿಯರ್, ಎಪ್ಪತ್ತು ದಾಟಿರಬಹುದು. ಅಂಕದ ಹಾಳೆ ಪಕ್ಕಕ್ಕಿಟ್ಟು, ಪಂಚೆ ಸರಿಮಾಡಿಕೊಂಡು ನೆಲದ ಮೇಲೇ ಕೂತರು. "ಒಂದು ಸ್ಪ್ಯಾನರ್ ಕೊಡಿ ಮಗೂ" ಅಂದರು. ಬ್ಲೇಡಿಗೂ ರೋಲರಿಗೂ ನಡುವಿನ ಸಂದಿಗೆ ಬೆರಳಿಟ್ಟು ತೋರಿಸಿ, ಈ ಅಂತರ ಗಟ್ಟಿಯಾಗಿ ಕೂತಿದೆ, ಅಡಿಕೆ ಎಲ್ಲವೂ ಒಂದೇ ಗಾತ್ರ ಇರುತ್ತಾ, ನೀವೇ ಹೇಳಿ ಅಂತ ಕೇಳಿದರು. ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೊಟ್ಟರೆ ಕಾಯಿ ದಪ್ಪಗಿದ್ದಾಗ ಅದೇ ಹಿಂದೆ ಸರಿಯುತ್ತದೆ ಅಂತ ಒಬ್ಬಳು ತಾನಾಗೇ ಹೇಳಿಬಿಟ್ಟಳು.

"ಹಾಕಿ ನೋಡಿ. ಆಗದಿದ್ದರೆ ಫೋನ್ ಮಾಡಿ" ಅಂದರು ಅವರು. ಆ ಹುಡುಗಿಗೆ ಆ ಗಡಿಬಿಡಿಯಲ್ಲಿ ಕಾಗದ ಸಿಗಲಿಲ್ಲ. ಯಂತ್ರದ ಪ್ಲೈವುಡ್ ಮೇಲೇ ಪೆನ್ಸಿಲ್‌ನಲ್ಲಿ ನಂಬರ್ ಬರೆದುಕೊಂಡಳು.