ಆರ್ಡರ್ ದೊಡ್ಡದಾದಾಗ ಗಲ್ಲಾಪೆಟ್ಟಿಗೆ ಬರಿದಾಗುವುದೇಕೆ

ಬೆಳೆಯಬೇಕೆಂದು ನಿರ್ಧರಿಸಿ ನನ್ನ ಬಳಿ ಬರುವ ಸಣ್ಣ ಉದ್ಯಮಿಗಳಲ್ಲಿ ಬಹುಪಾಲು ಮಂದಿ ಕೇಳುವ ಮೊದಲ ಪ್ರಶ್ನೆ, ಹೊಸ ಯಂತ್ರಕ್ಕೆ ಎಷ್ಟು ಸಾಲ ಸಿಗುತ್ತದೆ ಎಂಬುದು. ಎರಡನೆಯದು, ಬಡ್ಡಿ ಎಷ್ಟು ಎಂಬುದು. ಯಂತ್ರ ಬಂದ ಮೇಲೆ, ಅದರಿಂದ ತಯಾರಾದ ಸರಕಿನ ಹಣ ಕೈಗೆ ಬರುವವರೆಗೆ ಘಟಕವನ್ನು ಯಾವ ದುಡ್ಡಿನಿಂದ ನಡೆಸುತ್ತೀರಿ ಎಂದು ನಾನು ಕೇಳಿದರೆ, ಲಾಭ ಬರುತ್ತದಲ್ಲ, ಅದರಲ್ಲೇ ನಡೆಯುತ್ತದೆ ಎನ್ನುತ್ತಾರೆ. ಈ ಒಂದು ಉತ್ತರವನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಸಾಕಾಗಿದೆ ಎಂದರೆ ಹೇಳುವವರ ಮೇಲೆ ಸಿಟ್ಟಿದೆ ಎಂದಲ್ಲ. ಅವರು ನಾನು ಕಂಡವರಲ್ಲೇ ಹೆಚ್ಚು ದುಡಿಯುವ ಜನ. ಆದರೆ ನಷ್ಟದಿಂದ ಮುಚ್ಚಿದ ಘಟಕಗಳಿಗಿಂತ, ಲಾಭದಲ್ಲಿದ್ದೂ ಕೂಲಿ ಕೊಡಲು ಹಣವಿಲ್ಲದೆ ಮುಚ್ಚಿದ ಘಟಕಗಳು ನನ್ನ ನಿದ್ದೆಯನ್ನು ಹೆಚ್ಚು ಕೆಡಿಸಿವೆ.

ಲೋಹದ ಬಿಡಿಭಾಗಗಳನ್ನು ತಯಾರಿಸುವ ಒಬ್ಬರು, ಹನ್ನೆರಡು ಜನ ಕೆಲಸಗಾರರ ಘಟಕದ ಮಾಲೀಕರು, ದೊಡ್ಡ ಕಂಪನಿಯೊಂದರ ಖರೀದಿ ಆದೇಶವನ್ನು ಪಾರದರ್ಶಕ ಕವರಿನಲ್ಲಿ ಮಡಿಕೆ ಬೀಳದಂತೆ ಇಟ್ಟುಕೊಂಡು ಬಂದಿದ್ದರು. ಅವರ ವಹಿವಾಟನ್ನು ಒಮ್ಮೆಗೇ ಇಮ್ಮಡಿಗೊಳಿಸುವ ಆದೇಶವದು. ಪಾವತಿಯ ಅವಧಿ ಎಷ್ಟು ಎಂದು ಕೇಳಿದೆ. ಅವರು ಹಾಳೆಯನ್ನು ತಿರುಗಿಸಿ ಹುಡುಕಬೇಕಾಯಿತು. ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ 60 ದಿನ ಎಂದಿತ್ತು. ಬೆಲೆ, ಪ್ರಮಾಣ, ಗುಣಮಟ್ಟದ ಷರತ್ತುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಈ ಒಂದು ಸಾಲನ್ನು ಮಾತ್ರ ಅವರು ಓದಿರಲಿಲ್ಲ.

ಆ ದಿನ ಅವರ ಮುಂದೆ ಹಾಕಿದ ಲೆಕ್ಕವನ್ನೇ ಇಲ್ಲಿ ಮತ್ತೆ ಹಾಕುತ್ತೇನೆ. ತಿಂಗಳ ಮಾರಾಟ 100 ಎಂದಿಟ್ಟುಕೊಳ್ಳಿ. ಅದರಲ್ಲಿ ಕಚ್ಚಾವಸ್ತುವಿಗೆ 60, ಕೂಲಿ ಮತ್ತು ಇತರ ಖರ್ಚಿಗೆ 30, ಲಾಭ 10. ಕಚ್ಚಾವಸ್ತು ಗೋದಾಮಿನಲ್ಲಿ 30 ದಿನ ಇರುತ್ತದೆ, ತಯಾರಿಕೆಗೆ 15 ದಿನ ಹಿಡಿಯುತ್ತದೆ, ಸಿದ್ಧವಾದ ಸರಕು 15 ದಿನ ಕಾಯುತ್ತದೆ, ಖರೀದಿದಾರರು 60 ದಿನಕ್ಕೆ ಹಣ ಕೊಡುತ್ತಾರೆ. ಒಟ್ಟು 120 ದಿನ. ಕಚ್ಚಾವಸ್ತು ಪೂರೈಸುವವರು ನಿಮಗೆ 30 ದಿನ ಉದ್ದರಿ ಕೊಟ್ಟರೆ ಉಳಿಯುವುದು 90 ದಿನ, ಅಂದರೆ ಮೂರು ತಿಂಗಳು. ತಿಂಗಳಿಗೆ 90ರಂತೆ ಮೂರು ತಿಂಗಳ ಖರ್ಚು, 270, ಯಾವಾಗಲೂ ಸರಕಿನ ರೂಪದಲ್ಲೋ ಬಾಕಿಯ ರೂಪದಲ್ಲೋ ಸಿಕ್ಕಿಕೊಂಡಿರುತ್ತದೆ. ಇದು ಸ್ಥೂಲ ಲೆಕ್ಕ. ಕೂಲಿಯನ್ನು ಕಚ್ಚಾವಸ್ತು ಕೊಂಡ ದಿನವೇ ಕೊಡುವುದಿಲ್ಲವಾದ್ದರಿಂದ ನಿಜವಾದ ಅಂಕಿ ತುಸು ಕಡಿಮೆ ಇದ್ದೀತು.

ಈಗ ಮಾರಾಟ 200 ಆಗಲಿ. ಸಿಕ್ಕಿಕೊಳ್ಳುವ ಹಣ 540. ಹೊಸದಾಗಿ ಬೇಕಾದದ್ದು ಇನ್ನೊಂದು 270. ತಿಂಗಳ ಲಾಭವೂ ಇಮ್ಮಡಿಯಾಗಿ 20 ಆಗುತ್ತದೆ, ನಿಜ. ಆದರೆ ಆ 20ರಿಂದಲೇ ಈ 270ನ್ನು ತುಂಬಬೇಕೆಂದರೆ ಹದಿಮೂರೂವರೆ ತಿಂಗಳು ಬೇಕು, ಅದೂ ತೆರಿಗೆ ಕಟ್ಟದೆ, ಸಾಲದ ಕಂತು ಕಟ್ಟದೆ, ಮನೆ ಖರ್ಚಿಗೆ ಬಿಡಿಗಾಸು ತೆಗೆಯದೆ. ಹಣ ಬೇಕಾಗುವುದು ಮಾತ್ರ ಮೊದಲ ಮೂರು ತಿಂಗಳಲ್ಲೇ. ದೊಡ್ಡ ಆರ್ಡರ್ ಎಂಬ ಕಾರಣಕ್ಕೆ ಬೆಲೆಯಲ್ಲಿ ನೂರಕ್ಕೆ ಐದು ಬಿಟ್ಟುಕೊಟ್ಟಿದ್ದರೆ ತಿಂಗಳ ಲಾಭ 20ರ ಬದಲು 10ಕ್ಕೆ ಇಳಿದು, ಹದಿಮೂರೂವರೆ ತಿಂಗಳು ಇಪ್ಪತ್ತೇಳಾಗುತ್ತದೆ. ಖರೀದಿದಾರರು 60 ದಿನದ ಬದಲು 90 ದಿನ ಮಾಡಿದರೆ ಮತ್ತೊಂದು ತಿಂಗಳ ಖರ್ಚು, 180, ಸಿಕ್ಕಿಕೊಳ್ಳುತ್ತದೆ. ಅವರ ಕಚೇರಿಯಲ್ಲಿ ಒಂದು ಸಹಿ ಒಂದು ತಿಂಗಳು ತಡವಾದರೆ ಇಲ್ಲಿ ಒಂಬತ್ತು ತಿಂಗಳ ಲಾಭ ಕಟ್ಟಿಬೀಳುತ್ತದೆ.

ಲಾಭ ಸುಳ್ಳಲ್ಲ, ಲೆಕ್ಕಪುಸ್ತಕವೂ ಸುಳ್ಳು ಹೇಳುತ್ತಿಲ್ಲ. ಸರಕು ಕಳುಹಿಸಿ ಬಿಲ್ಲು ಮಾಡಿದ ದಿನ ಪುಸ್ತಕದಲ್ಲಿ ಲಾಭ ದಾಖಲಾಗುತ್ತದೆ. ಹಣ ಬಂದ ದಿನ ಪೆಟ್ಟಿಗೆ ತುಂಬುತ್ತದೆ. ಎರಡರ ನಡುವಿನ ಅಂತರವನ್ನು ಯಾರಾದರೂ ಹೊರಲೇಬೇಕು. ವಹಿವಾಟು ಒಂದೇ ಮಟ್ಟದಲ್ಲಿದ್ದಾಗ ಹಿಂದಿನ ತಿಂಗಳುಗಳ ವಸೂಲಿ ಈ ತಿಂಗಳ ಖರ್ಚನ್ನು ಹೊರುತ್ತದೆ, ಹಾಗಾಗಿ ಅಂತರ ಕಣ್ಣಿಗೆ ಬೀಳುವುದಿಲ್ಲ. ಬೆಳೆಯಲು ಹೊರಟ ದಿನ ಹಿಂದಿನ ಸಣ್ಣ ವಸೂಲಿ ಇಂದಿನ ದೊಡ್ಡ ಖರ್ಚನ್ನು ಹೊರಬೇಕಾಗುತ್ತದೆ. ಇಪ್ಪತ್ತು ವರ್ಷ ಅನುಭವವಿರುವವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಆ ಇಪ್ಪತ್ತು ವರ್ಷ ಅವರು ನಿಧಾನವಾಗಿ ಬೆಳೆದಿರುತ್ತಾರೆ.

ಹಾಗಾದರೆ ಹೊರಗಿನ ಹಣವಿಲ್ಲದೆ ಎಷ್ಟು ವೇಗವಾಗಿ ಬೆಳೆಯಬಹುದು? ಇದೇ ಉದಾಹರಣೆಯಲ್ಲಿ ಮೊದಲಿನ ವರ್ಷದ ಲಾಭ 120, ಸಿಕ್ಕಿಕೊಂಡ ಹಣ 270. ಲಾಭವನ್ನೆಲ್ಲ ಒಳಗೇ ಬಿಟ್ಟರೆ ವರ್ಷಕ್ಕೆ ಶೇಕಡಾ 44ರಷ್ಟು; ತೆರಿಗೆಗೂ ಮನೆಗೂ ಅರ್ಧ ಹೋದರೆ ಶೇಕಡಾ 22. ಅತಿವೇಗವಾಗಿ ಬೆಳೆಯುವ ಉದ್ಯಮ ಯಾವುದೆಂದು ಗುರುತಿಸಲು, ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಬಹುಕಾಲದಿಂದ ಬಳಸುತ್ತಿರುವ ಅಳತೆ, ಕನಿಷ್ಠ 10 ಜನ ಕೆಲಸಗಾರರೊಂದಿಗೆ ಆರಂಭಿಸಿ ಮೂರು ವರ್ಷಗಳ ಕಾಲ ಸರಾಸರಿ ವಾರ್ಷಿಕ ಶೇಕಡಾ 20ಕ್ಕೂ ಹೆಚ್ಚು ಬೆಳೆಯುವುದು. ಅಂದರೆ ಜಗತ್ತು ಅತಿವೇಗ ಎಂದು ಕರೆಯುವ ಬೆಳವಣಿಗೆಯೇ ಈ ಸಾಧಾರಣ ಘಟಕದ ಸ್ವಂತ ಶಕ್ತಿಯ ಅಂಚಿನಲ್ಲಿದೆ. ಒಂದೇ ವರ್ಷದಲ್ಲಿ ಇಮ್ಮಡಿಯಾಗುತ್ತೇನೆ ಎನ್ನುವವರು ಬೇರೆಯವರ ಹಣದ ಮೇಲೆ ಬೆಳೆಯುತ್ತಿದ್ದಾರೆ. ಆ ಬೇರೆಯವರು ಯಾರು, ಯಾವ ಷರತ್ತಿನ ಮೇಲೆ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ, ಕೊನೆಗೆ ಕೂಲಿಯವರೂ ಕಚ್ಚಾವಸ್ತು ಕೊಟ್ಟವರೂ ಒಪ್ಪಿಗೆಯಿಲ್ಲದೆಯೇ ಸಾಲ ಕೊಟ್ಟವರಾಗುತ್ತಾರೆ.

ಲೋಹದ ಘಟಕದವರು ನನ್ನ ಮಾತು ಕೇಳಿ ತಲೆಯಾಡಿಸಿದರು, ಆದರೆ ಆರ್ಡರ್ ಬಿಡಲು ಮನಸ್ಸಾಗಲಿಲ್ಲ. ಅವರ ಸ್ಥಾನದಲ್ಲಿದ್ದರೆ ನನಗೂ ಆಗುತ್ತಿರಲಿಲ್ಲವೇನೋ. ಐದನೇ ತಿಂಗಳಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಯಂತ್ರಗಳು ಓಡುತ್ತಿದ್ದವು, ಗೋದಾಮು ತುಂಬಿತ್ತು, ಬ್ಯಾಂಕ್ ಖಾತೆಯಲ್ಲಿ ಎರಡು ದಿನದ ಖರ್ಚಿಗೂ ಸಾಲದಷ್ಟು ಹಣವಿತ್ತು. ಬಾಕಿಯ ಪಟ್ಟಿಯನ್ನು ಒಂದೊಂದಾಗಿ ತೆಗೆದು ನೋಡುತ್ತಾ ಹೋದಾಗ, ಹನ್ನೊಂದು ಬಿಲ್ಲುಗಳು ಪಾವತಿಯ ಸರದಿಗೆ ಸೇರಿಯೇ ಇರಲಿಲ್ಲ ಎಂಬುದು ಗೊತ್ತಾಯಿತು. ಏಳರ ಮೇಲೆ ಖರೀದಿ ಆದೇಶದ ಸಂಖ್ಯೆ ಬರೆದಿರಲಿಲ್ಲ. ನಾಲ್ಕಕ್ಕೆ ಸರಕು ತಲುಪಿದ್ದಕ್ಕೆ ಪಡೆದ ಸಹಿಯ ಚೀಟಿ ಲಗತ್ತಿಸಿರಲಿಲ್ಲ, ಚೀಟಿಗಳು ಲಾರಿ ಚಾಲಕರ ಸೀಟಿನ ಹಿಂದಿನ ಚೀಲದಲ್ಲೇ ಉಳಿದಿದ್ದವು. ಖರೀದಿದಾರರ ಲೆಕ್ಕ ವಿಭಾಗ ಅವನ್ನು ಬದಿಗಿಟ್ಟಿತ್ತು, ಯಾರಿಗೂ ತಿಳಿಸಿರಲಿಲ್ಲ. 60 ದಿನಗಳ ಎಣಿಕೆ ಆರಂಭವಾಗುವುದು ಸರಿಯಾದ ಬಿಲ್ಲು ತಲುಪಿದ ದಿನದಿಂದ. ಆ ಹನ್ನೊಂದು ಬಿಲ್ಲುಗಳಿಗೆ ಎಣಿಕೆಯೇ ಶುರುವಾಗಿರಲಿಲ್ಲ. ಬಿಲ್ಲು ಬರೆಯುತ್ತಿದ್ದವರು ಮಾಲೀಕರೇ, ರಾತ್ರಿ ಹತ್ತರ ನಂತರ, ದಿನವಿಡೀ ಯಂತ್ರದ ಮುಂದೆ ನಿಂತ ಮೇಲೆ. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ.

ಅದಕ್ಕೇ, ಸಾಲದ ಮಾತಿಗಿಂತ ಮೊದಲು ದಿನಗಳ ಮಾತಾಡಿ ಎನ್ನುತ್ತೇನೆ. ನಮ್ಮ ಉದಾಹರಣೆಯ 90 ದಿನಗಳನ್ನು 60ಕ್ಕೆ ಇಳಿಸಿದರೆ ಮಾರಾಟ 200 ಆದಾಗ ಬೇಕಾಗುವ ಒಟ್ಟು ಹಣ 540ರಿಂದ 360ಕ್ಕೆ ಇಳಿಯುತ್ತದೆ, ಒಂದು ಪೈಸೆ ಬಡ್ಡಿಯಿಲ್ಲದೆ. ಸರಕು ಹೊರಟ ದಿನವೇ ಬಿಲ್ಲು ಹೋಗಬೇಕು. ಗೋದಾಮಿನಲ್ಲಿ 30 ದಿನದ ಕಚ್ಚಾವಸ್ತು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಬೇಕು. ಮುಂದಿನ 13 ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಪ್ರತಿ ವಾರ ತಿದ್ದಬೇಕು. ಇದಾದ ಮೇಲೂ ಉಳಿಯುವ ಅಂತರಕ್ಕೆ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣವನ್ನು ಒಂದು ಮಿತಿಯವರೆಗೆ ತೆಗೆಯುವ ಸೌಲಭ್ಯ) ಅಥವಾ ಬಿಲ್ ಡಿಸ್ಕೌಂಟ್ (ಬಾಕಿ ಬಿಲ್ಲನ್ನು ಬ್ಯಾಂಕಿಗೆ ಕೊಟ್ಟು, ತುಸು ಕಡಿತದೊಂದಿಗೆ ಹಣವನ್ನು ಮೊದಲೇ ಪಡೆಯುವುದು) ಸೂಕ್ತ. ಯಂತ್ರಕ್ಕೆಂದು ಪಡೆದ ಅವಧಿ ಸಾಲವನ್ನು ಕೂಲಿಗೆ ತಿರುಗಿಸುವುದು, ಅಥವಾ ಓವರ್‌ಡ್ರಾಫ್ಟ್ ಹಣದಲ್ಲಿ ಯಂತ್ರ ಕೊಳ್ಳುವುದು, ಎರಡೂ ಅಪಾಯ. ಯಾವುದು ಎಷ್ಟು ಎಂಬುದು ಉದ್ಯಮದಿಂದ ಉದ್ಯಮಕ್ಕೆ ಬೇರೆಯಾಗುತ್ತದೆ, ಹಾಗಾಗಿ ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡು ಯಾರೂ ಬ್ಯಾಂಕಿಗೆ ಹೋಗಬಾರದು.

ಇನ್ನೊಬ್ಬ ಉದ್ಯಮಿ, ಸಿದ್ಧ ಉಡುಪಿನ ಘಟಕ ನಡೆಸುವ ಮಹಿಳೆ, ಇಂಥದೇ ಆರ್ಡರ್ ಬಂದಾಗ ಮುಂಗಡ ಕೇಳಿದರು. ಖರೀದಿದಾರರು ಒಪ್ಪಲಿಲ್ಲ. ಹಾಗಾದರೆ ಬಟ್ಟೆಯನ್ನು ನೀವೇ ಕೊಡಿ, ಹೊಲಿಗೆಯ ದರವನ್ನಷ್ಟೇ ನಾನು ಪಡೆಯುತ್ತೇನೆ ಎಂದರು, ಅದಕ್ಕೆ ಒಪ್ಪಿದರು. ಅವರ ಪುಸ್ತಕದಲ್ಲಿ ವಹಿವಾಟು ಚಿಕ್ಕದಾಗಿ ಕಂಡಿತು, ಬಟ್ಟೆಯ ಮೇಲಿನ ಲಾಭವೂ ಕೈಬಿಟ್ಟಿತು. ಆದರೆ ಸಿಕ್ಕಿಕೊಳ್ಳುವ ಹಣದ ದೊಡ್ಡ ಪಾಲು ಖರೀದಿದಾರರ ಹೆಗಲಿಗೆ ಹೋಯಿತು. ಎಲ್ಲ ಖರೀದಿದಾರರೂ ಇದಕ್ಕೆ ಒಪ್ಪುವುದಿಲ್ಲ. ಕೇಳದೇ ಇರುವವರು ಮಾತ್ರ ಬಹಳ.

ಇದು ಒಂದೊಂದು ಘಟಕದ ಖಾಸಗಿ ಸಂಕಟವಾಗಿದ್ದರೆ ಅಂಕಣ ಬರೆಯುತ್ತಿರಲಿಲ್ಲ. ಒಂದು ಪ್ರದೇಶದಲ್ಲಿ ಹನ್ನೆರಡು ಜನರ ಘಟಕ ನಲವತ್ತು ಜನರದ್ದಾದರೆ ಅಚ್ಚು ಮಾಡುವವರಿಗೆ, ಪೆಟ್ಟಿಗೆ ಮಾಡುವವರಿಗೆ, ಸಾಗಣೆಯವರಿಗೆ ಎಲ್ಲರಿಗೂ ಕೆಲಸ ಸಿಗುತ್ತದೆ. ಅದೇ ಘಟಕ ಪಾವತಿ ನಿಲ್ಲಿಸಿದರೆ ಅವರೆಲ್ಲರ ಪಾವತಿಯೂ ನಿಲ್ಲುತ್ತದೆ. ಅರ್ಥಶಾಸ್ತ್ರಜ್ಞರಾದ ನೊಬುಹಿರೊ ಕಿಯೊಟಾಕಿ ಮತ್ತು ಜಾನ್ ಮೂರ್ 1997ರಲ್ಲಿ ಈ ಉದ್ದರಿಯ ಸರಪಳಿಯನ್ನೇ ವಿಶ್ಲೇಷಿಸಿದರು: ಒಬ್ಬರಿಗೆ ತಗುಲಿದ ಪೆಟ್ಟು ಸಾಲಿನಲ್ಲಿರುವ ಮುಂದಿನವರಿಗೂ ದಾಟುತ್ತಾ ಹೋಗುತ್ತದೆ.

ಆದರೂ ಪ್ರಾದೇಶಿಕ ಅಭಿವೃದ್ಧಿಯ ಹೊಣೆ ಹೊತ್ತವರು ಸಾಮಾನ್ಯವಾಗಿ ಎಣಿಸುವುದು ಹೊಸದಾಗಿ ನೋಂದಣಿಯಾದ ಉದ್ಯಮಗಳನ್ನು ಮತ್ತು ಯಂತ್ರಗಳ ಮೇಲಿನ ಹೂಡಿಕೆಯನ್ನು. ಸಣ್ಣ ಉದ್ಯಮಗಳೇ ಉದ್ಯೋಗ ಸೃಷ್ಟಿಸುತ್ತವೆ ಎಂಬ ಮಾತಿಗೆ 1979ರಲ್ಲಿ ಅಮೆರಿಕದ ಸಂಶೋಧಕ ಡೇವಿಡ್ ಬರ್ಚ್ ಅವರ ಅಧ್ಯಯನ ಬಲ ಕೊಟ್ಟಿತು. ಆದರೆ ಅರ್ಥಶಾಸ್ತ್ರಜ್ಞ ಜಾನ್ ಹಾಲ್ಟಿವಾಂಗರ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಅಮೆರಿಕದ ದತ್ತಾಂಶದಿಂದ ತೋರಿಸಿದಂತೆ, ಉದ್ಯಮದ ವಯಸ್ಸನ್ನು ಗಣನೆಗೆ ತೆಗೆದುಕೊಂಡರೆ ಗಾತ್ರಕ್ಕೂ ಬೆಳವಣಿಗೆಗೂ ನಿಶ್ಚಿತ ಸಂಬಂಧವೇ ಉಳಿಯುವುದಿಲ್ಲ; ಉದ್ಯೋಗ ಬೆಳೆಸುವವು ಎಳೆಯ ಉದ್ಯಮಗಳು, ಅವುಗಳಲ್ಲೂ ಬಹಳಷ್ಟು ಬೇಗ ಮುಚ್ಚಿಹೋಗುತ್ತವೆ. ಹೀಗಿರುವಾಗ ಬೆಳೆಯುವ ಹಂತದಲ್ಲಿ ಹಣದ ಅಂತರಕ್ಕೆ ಬಿದ್ದವರನ್ನು ಕೈಹಿಡಿದು ದಾಟಿಸುವುದು ಮತ್ತೊಂದಿಷ್ಟು ನೋಂದಣಿಗಳಿಗಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಹಲವು ಯೋಜನೆಗಳಲ್ಲಿ ಸಹಾಯಧನ ಹೂಡಿಕೆ ಮುಗಿದ ಮೇಲೆ ಮರುಪಾವತಿಯಾಗಿ ಬರುತ್ತದೆ. ಅದನ್ನು ನಂಬಿ ದುಡಿಯುವ ಬಂಡವಾಳವನ್ನು, ಅಂದರೆ ದಿನನಿತ್ಯ ಘಟಕ ನಡೆಸಲು ಬೇಕಾದ ಹಣವನ್ನು, ಯಂತ್ರಕ್ಕೆ ಸುರಿದವರು ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ.

ಪಾವತಿಯನ್ನು ಬೇಗ ಮಾಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. 2011ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ತನ್ನ ಸಣ್ಣ ಗುತ್ತಿಗೆದಾರರಿಗೆ ಪಾವತಿ ಮಾಡುವ ಅವಧಿಯನ್ನು 30 ದಿನದಿಂದ 15 ದಿನಕ್ಕೆ ಇಳಿಸಿತು. ಜಾನ್-ನೊಯೆಲ್ ಬಾರೋ ಮತ್ತು ರಮಣ ನಂದಾ ನಡೆಸಿದ ಅಧ್ಯಯನದ ಪ್ರಕಾರ, ಹೀಗೆ ಬೇಗ ಬಂದ ಪ್ರತಿ ಡಾಲರಿಗೆ ಆ ಉದ್ಯಮಗಳ ವೇತನದ ಮೊತ್ತ 10 ಸೆಂಟ್ ಹೆಚ್ಚಿತು, ಅದರ ಮೂರನೇ ಎರಡು ಪಾಲು ಹೊಸ ನೇಮಕಾತಿಯಿಂದ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅಪ್ರಾಮಾಣಿಕವಾಗುತ್ತದೆ. ಅದೇ ಅಧ್ಯಯನದಲ್ಲಿ ಸ್ಥಳೀಯ ಕಾರ್ಮಿಕ ಮಾರುಕಟ್ಟೆಯ ಇತರ ಉದ್ಯಮಗಳ ಉದ್ಯೋಗ ಕುಗ್ಗಿ ಸರಾಸರಿ ನಿವ್ವಳ ಪರಿಣಾಮ ಸೊನ್ನೆಗೆ ಹತ್ತಿರವಾಗಿತ್ತು; ನಿವ್ವಳ ಲಾಭ ಕಂಡದ್ದು ನಿರುದ್ಯೋಗ ಹೆಚ್ಚಿದ್ದ ಪ್ರದೇಶಗಳಲ್ಲಿ. ಹಿಂದುಳಿದ ಪ್ರದೇಶಗಳ ಆಡಳಿತಗಾರರು ಗಮನಿಸಬೇಕಾದದ್ದು ಇದನ್ನೇ.

ಕಾನೂನುಗಳು ಇಲ್ಲವೆಂದಲ್ಲ. ಭಾರತದ 2006ರ ಕಾಯ್ದೆ ಸಣ್ಣ ಪೂರೈಕೆದಾರರಿಗೆ 45 ದಿನಗಳ ಮಿತಿ ಇಟ್ಟಿದೆ, ಯೂರೋಪಿನ ಒಕ್ಕೂಟದ 2011ರ ನಿರ್ದೇಶನ ಸಾರ್ವಜನಿಕ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನ ಎಂದಿದೆ. ಆದರೆ ಮುಂದಿನ ಆರ್ಡರ್ ಕೈತಪ್ಪುವ ಭಯದಲ್ಲಿ ದೂರು ಕೊಡುವ ಸಣ್ಣ ಪೂರೈಕೆದಾರರು ನನ್ನ ಅನುಭವದಲ್ಲಿ ಬಹಳ ಕಡಿಮೆ. ಆದ್ದರಿಂದ ಸಾರ್ವಜನಿಕ ಸಂಸ್ಥೆಗಳು ತಮ್ಮ ಮನೆಯಿಂದಲೇ ಆರಂಭಿಸುವುದು ಒಳಿತು.

ಇಂಥ ಒಂದು ಸ್ಥಳೀಯ ಸಂಸ್ಥೆ ಸಣ್ಣ ಉದ್ಯಮಗಳಿಗಾಗಿ ಹೊಸ ಸಾಲ ಯೋಜನೆ ರೂಪಿಸುವಾಗ ನನ್ನನ್ನು ಕರೆದಿತ್ತು. ನೀವು ಕೊಳ್ಳುವ ಸರಕಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತೀರಿ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಬಂದ ಬಿಲ್ಲಿನ ಮೇಲೆ ದಿನಾಂಕದ ಮುದ್ರೆ ಒತ್ತುವ ಪದ್ಧತಿಯೇ ಅಲ್ಲಿರಲಿಲ್ಲ, ಹಾಗಾಗಿ ತಿಳಿಯುವ ದಾರಿಯೂ ಇರಲಿಲ್ಲ. ಈಗ ಮುದ್ರೆ ಬಂದಿದೆ, ಅದನ್ನು ಒತ್ತಲು ಒಬ್ಬ ಗುಮಾಸ್ತರನ್ನೂ ನೇಮಿಸಿದ್ದಾರೆ. ಮೊದಲ ಮೂರು ತಿಂಗಳ ಲೆಕ್ಕ ಕೈಗೆ ಬಂದ ಮೇಲೆ ಸಾಲ ಯೋಜನೆಯ ಬಗ್ಗೆ ಮತ್ತೆ ಕೂತು ಮಾತಾಡೋಣ ಎಂದಿದ್ದೇನೆ.