ಬಿಪಿ ಇದ್ದವರ ಆಂಜೈನಾ: ಮಾತ್ರೆಗಿಂತ ಮೊದಲು ಬಡಿತದ ಲೆಕ್ಕ

ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದೆ ಬರುವ ಎದೆನೋವೇ ಆಂಜೈನಾ. ಈ ಪಾಠದಲ್ಲಿ ನಾನು ಮೊದಲು ಮಾಡಿದ್ದು ಔಷಧಿಗಳ ಪಟ್ಟಿ ಉರು ಹೊಡೆಯುವುದು. ಎರಡೇ ದಿನಕ್ಕೆ ಮರೆತುಹೋಯಿತು. ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿದೆ, ಪಟ್ಟಿ ತಾನಾಗೇ ನೆನಪಿನಲ್ಲಿ ಉಳಿಯಿತು.

ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ, ಅಂದರೆ ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಅದು ಸಡಿಲವಾದಾಗ, ಅಂದರೆ ಡಯಾಸ್ಟೋಲ್‌ನಲ್ಲಿ. ಹಿಂಡಿಕೊಳ್ಳುವಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅಮುಕಿಬಿಡುತ್ತದೆ. ನಿಮಿಷಕ್ಕೆ 60 ಬಡಿತ ಇದ್ದರೆ ಒಂದು ಬಡಿತಕ್ಕೆ 1 ಸೆಕೆಂಡು, 120 ಆದರೆ ಅರ್ಧ ಸೆಕೆಂಡು. ಹೀಗೆ ಸಮಯ ಕಡಿಮೆಯಾದಾಗ ಜಾಸ್ತಿ ಕತ್ತರಿ ಬೀಳುವುದು ಡಯಾಸ್ಟೋಲ್‌ಗೇ. ಅದರ ಮೇಲೆ ವರ್ಷಗಟ್ಟಲೆ ಬಿಪಿ ಇದ್ದರೆ ಸ್ನಾಯು ದಪ್ಪವಾಗಿ ಇನ್ನೂ ಹೆಚ್ಚು ಆಮ್ಲಜನಕ ಕೇಳುತ್ತದೆ.

ಬೀಟಾ ಬ್ಲಾಕರ್ ಸಾಮಾನ್ಯವಾಗಿ ಮೊದಲು ಯಾಕೆ ಬರುತ್ತದೆ ಅಂತ ಈಗ ಗೊತ್ತಾಯ್ತಲ್ವಾ? ಬಡಿತ ನಿಧಾನ, ಹಿಂಡುವ ಬಲ ಕಡಿಮೆ, ಬಿಪಿಯೂ ಇಳಿಯುತ್ತದೆ. ರಕ್ತ ಜಾಸ್ತಿ ಕಳಿಸುವುದಲ್ಲ, ಹೃದಯದ ಬೇಡಿಕೆ ತಗ್ಗಿಸೋಣ ಅಂತ ಹೊರಟೇ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಪ್ರೊಪ್ರನೊಲಾಲ್ ಅನ್ನುವ ಬೀಟಾ ಬ್ಲಾಕರ್ ತಂದರು. 1988ರ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಆಸ್ತಮಾ ಇದ್ದವರಿಗೆ ಕೊಡುವಾಗ ಎಚ್ಚರ. ಥಟ್ಟನೆ ನಿಲ್ಲಿಸಿದರೆ ನೋವು ಇನ್ನೂ ಜೋರಾಗಿ ಮರುಕಳಿಸಬಹುದು.

ಸಾಕಾಗದಿದ್ದರೆ ಆಮ್ಲೊಡಿಪಿನ್ ಸೇರಿಸುತ್ತಾರೆ. ಅದರ ಕೆಲಸ ಹೆಚ್ಚಾಗಿ ರಕ್ತನಾಳದ ಮೇಲೆ. ವೆರಪಾಮಿಲ್ ಹಾಗಲ್ಲ, ಅದು ಹೃದಯದ ಬಡಿತವನ್ನೇ ನಿಧಾನಿಸುತ್ತದೆ. ಬೀಟಾ ಬ್ಲಾಕರ್ ಜೊತೆ ಅದು ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು, ಹಾರ್ಟ್ ಬ್ಲಾಕ್ (ರಕ್ತನಾಳ ಕಟ್ಟುವುದಲ್ಲ, ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಕೂಡ ಆಗಬಹುದು. ಆಮ್ಲೊಡಿಪಿನ್, ವೆರಪಾಮಿಲ್ ಎರಡೂ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಅಂತ ಒಂದೇ ಗುಂಪಿಗೆ ಹಾಕಿದರೆ ಪರೀಕ್ಷೆಯಲ್ಲಿ ಎಡವುವುದು ಇಲ್ಲೇ. ಇದೇ ಗುಂಪಿನ, ಬೇಗ ಕೆಲಸ ಮಾಡುವ ಹಳೆಯ ನಿಫೆಡಿಪಿನ್ ಯಾಕೆ ಬೇಡ? ಬಿಪಿ ಸರ್ರನೆ ಬೀಳುತ್ತದೆ, ಹೃದಯ ಓಡಲು ಶುರುಮಾಡುತ್ತದೆ. ಮತ್ತೆ ಅದೇ ಅರ್ಧ ಸೆಕೆಂಡಿನ ಲೆಕ್ಕ.

ನೋವು ಬಂದ ಕ್ಷಣಕ್ಕೆ ನಾಲಿಗೆ ಕೆಳಗೆ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ. ಕೂತೇ ಇಟ್ಟುಕೊಳ್ಳಬೇಕು, ನಿಂತಿದ್ದರೆ ತಲೆ ಸುತ್ತಿ ಬೀಳಬಹುದು. ಸಿಲ್ಡೆನಾಫಿಲ್ (ವಯಾಗ್ರ) ತಗೊಂಡವರಿಗೆ ಇದು ಬೇಡವೇ ಬೇಡ. ವಿಶ್ರಾಂತಿಯಲ್ಲೂ ಬರುವ, ಮಾತ್ರೆಗೂ ಬಗ್ಗದ ನೋವು ಈ ಟಿಪ್ಪಣಿಗೆ ಸೇರಿದ್ದಲ್ಲ, ತಕ್ಷಣ ಆಸ್ಪತ್ರೆಗೆ.

ಪಟ್ಟಿಯಲ್ಲಿರುವ ಇನ್ನೊಂದು ಮಾತ್ರೆ ರಾಮಿಪ್ರಿಲ್ ಬಿಪಿ ಇಳಿಸುತ್ತದೆ, ಹೃದಯಾಘಾತದ ಅಪಾಯ ತಗ್ಗಿಸುತ್ತದೆ. ಆದರೆ ನೋವಿನ ಮಾತ್ರೆ ಅಲ್ಲ.

ಬಿಪಿ ಎಷ್ಟು ಇಳಿಸಬೇಕು? ಅಮೆರಿಕದ 2017ರ ಮಾರ್ಗಸೂಚಿ 130/80ಕ್ಕಿಂತ ಕೆಳಗೆ ಅನ್ನುತ್ತದೆ. ಕೆಳಗಿನ ಅಂಕಿ 60ರ ಕೆಳಗೆ ಹೋದರೆ ಮಾತ್ರ ಹುಷಾರು: ಡಯಾಸ್ಟೋಲ್‌ನಲ್ಲಿ ಹೃದಯದ ಸ್ನಾಯುವಿಗೆ ರಕ್ತ ತಳ್ಳುವುದು ಅದೇ ಒತ್ತಡ.